ಪೋಸ್ಟರ್ ಹರಿಯುವ ಗೋಡೆ

ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಬಲಿಯದ ದಿನಗಳು. ಮಧ್ಯಾಹ್ನ ಮೂರೂವರೆ ಗಂಟೆ. ಸಂಗೀತದ ಹಾಲಿನಲ್ಲಿ ಆ ಹೊತ್ತಿಗೆ ಯಾರೂ ಇರುವುದಿಲ್ಲ. ಕೆಳಗೆ ಆರುನೂರು ಕುರ್ಚಿ, ಮೇಲೆ ಬಾಲ್ಕನಿಯಲ್ಲಿ ನೂರೈವತ್ತು, ಎಲ್ಲವೂ ಸೀಟು ಮಡಚಿಕೊಂಡು ನಿದ್ದೆ ಹೋದಂತೆ ಇರುತ್ತವೆ.

ಹೊಸದಾಗಿ ಸೇರಿದ ಸೌಂಡಿನವನು ಒಬ್ಬನೇ ಮೂಲೆಯಿಂದ ಮೂಲೆಗೆ ನಡೆಯುತ್ತಿದ್ದ. ಪ್ರತಿ ಮೂಲೆಯಲ್ಲೂ ನಿಂತು ಮೂರು ಸಲ ಚಪ್ಪಾಳೆ ತಟ್ಟುವುದು, ತಲೆ ಓರೆ ಮಾಡಿ ಆಲಿಸುವುದು. ಯಾವ ಹಾಲಿಗೆ ಹೋದರೂ ಅವನು ಮೊದಲು ಮಾಡುವ ಕೆಲಸ ಅದು. ಜೇಬಿನಲ್ಲಿ ಬೆರಳುದ್ದದ ರೆಕಾರ್ಡರ್ ಒಂದು ಕೆಂಪು ಕಣ್ಣು ಬಿಟ್ಟುಕೊಂಡು ಕೂತಿರುತ್ತಿತ್ತು.

"ಯಾರ್ರೀ ಇದನ್ನ ಹರಿದಿದ್ದು?"

ಅವನು ತಿರುಗಿದ. ಬಾಲ್ಕನಿಯ ಕೆಳಗೆ, ಎಡಗಡೆ ಗೋಡೆಯ ಹತ್ತಿರ ಅವಳು ನಿಂತಿದ್ದಳು. ಕೈಯಲ್ಲಿ ಅಂಟಿನ ಬಕೆಟ್, ಕೆನ್ನೆಯ ಮೇಲೆ ಒಂದು ಬೊಟ್ಟು ನೀಲಿ ಬಣ್ಣ. ಪೋಸ್ಟರ್ ಬರೆಯುವವಳು, ಹಾಲಿನ ಯಜಮಾನರ ಅಕ್ಕನ ಮಗಳು. ಗೋಡೆಯ ಮೇಲೆ ಅವಳ ಹೊಸ ಪೋಸ್ಟರ್ ಮೇಲಿನ ಎಡ ತುದಿಯಿಂದ ಕೆಳಗಿನ ಬಲ ತುದಿಗೆ ಓರೆಯಾಗಿ ಸೀಳಿತ್ತು.

"ನಾನಲ್ಲ."

"ನಿಮ್ಮನ್ನ ಬಿಟ್ಟರೆ ಇಲ್ಲಿರೋದು ಕುರ್ಚಿಗಳು. ಕುರ್ಚಿ ಹರೀತಾ?"

"ಕೇಳಿ ನೋಡಿ. ಏಳುನೂರೈವತ್ತು ಇವೆ, ಒಂದಾದರೂ ಒಪ್ಪಿಕೊಳ್ಳಬಹುದು."

ನಕ್ಕರೆ ಸೋತಂತೆ ಎಂದು ಅವಳು ತುಟಿ ಬಿಗಿಹಿಡಿದಳು. ಆದರೆ ನಗು ಕಣ್ಣಿಗೆ ಹೋಗಿ ಕೂತದ್ದು ಅವನಿಗೆ ಕಂಡಿತು. ಅಂದಿನಿಂದ ಶುರುವಾಯಿತು.

ಹಾಲಿನಲ್ಲಿ ಎಲ್ಲರೂ ಅವನನ್ನು ಸೌಂಡಣ್ಣ ಎನ್ನುತ್ತಿದ್ದರು. ಅವಳೊಬ್ಬಳು ಮಾತ್ರ ಬರೀ "ಸೌಂಡು". ಎಲ್ಲರೂ ಅವಳನ್ನು ಪೋಸ್ಟರಕ್ಕ ಎಂದರೆ, ಅವನೊಬ್ಬ ಮಾತ್ರ "ಪೋಸ್ಟರ್ ಮೇಡಂ". ಅಣ್ಣ ಎನ್ನಲು ಅವಳ ನಾಲಿಗೆಯೂ ಅಕ್ಕ ಎನ್ನಲು ಅವನ ನಾಲಿಗೆಯೂ ಯಾಕೆ ಹೊರಳುವುದಿಲ್ಲ ಎಂಬುದು ಗೇಟಿನಲ್ಲಿ ಟಿಕೆಟ್ ಹರಿಯುವವನಿಗೂ ಹದಿನೈದು ದಿನದಲ್ಲಿ ಗೊತ್ತಾಗಿಹೋಯಿತು.

ಆ ಗೋಡೆಯದು ಒಂದು ಪದ್ಧತಿ ಇತ್ತು. ಪ್ರತಿ ಕಾರ್ಯಕ್ರಮದ ಪೋಸ್ಟರನ್ನು ಹಳೆಯದರ ಮೇಲೆಯೇ ಅಂಟಿಸಬೇಕು, ಹಳೆಯದನ್ನು ಕೀಳಬಾರದು. ಒಂಬತ್ತು ವರ್ಷದ ಹಾಡುಗಾರರು, ಡ್ರಮ್ಮಿನವರು, ಕೂದಲು ಕೆದರಿದ ಗಿಟಾರಿನವರು ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಹಾಸಿಗೆಯಷ್ಟು ದಪ್ಪವಾಗಿದ್ದರು. ಈಚೆಗೆ ಯಾವ ಪೋಸ್ಟರ್ ಅಂಟಿಸಿದರೂ ನಾಲ್ಕು ದಿನಕ್ಕೆ ಅದೇ ಓರೆ ಗೆರೆಯಲ್ಲಿ ಹರಿಯುತ್ತಿತ್ತು. ಅವಳು ಸೋಲುವವಳಲ್ಲ. ಮುಂದಿನ ಪೋಸ್ಟರಿನಲ್ಲಿ ಆ ಗೆರೆಯ ಜಾಗಕ್ಕೆ ಸರಿಯಾಗಿ ಒಂದು ಮಿಂಚು ಬರೆದಳು. ಅದರ ಮುಂದಿನದರಲ್ಲಿ ಹಾಡುವವಳ ಬೈತಲೆ. ಆಮೇಲೆ ಒಂದು ನದಿ. ಹರಿದರೂ ಚೆಂದ ಕಾಣುವ ಹಾಗೆ. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

"ಹರಿದಿದ್ದನ್ನೇ ಡಿಸೈನ್ ಮಾಡಿಬಿಟ್ರಲ್ಲ" ಎಂದ ಅವನು.

"ನಿಮ್ಮ ಗುಂಯ್‌ಗೆ ನೀವು ಏನು ಮಾಡಿದ್ರಿ, ಅದನ್ನೇ."

ಅವನ ಗುಂಯ್ ಏನೆಂದರೆ, ಬ್ಯಾಂಡಿನವರು ದಪ್ಪ ತಂತಿ ಮೀಟಿದಾಗಲೆಲ್ಲ ಮೈಕಿನೊಳಗೆ ಎಲ್ಲಿಂದಲೋ ಒಂದು ಕೆಟ್ಟ ಗುಂಯ್ಗುಡುವಿಕೆ ಬರುತ್ತಿತ್ತು. ಕೇಬಲ್ ಬದಲಿಸಿದ, ಪ್ಲಗ್ ಬದಲಿಸಿದ, ಹೋಗಲಿಲ್ಲ. ಅವನ ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಸಾಲಾಗಿ ಮೂವತ್ತೊಂದು ಸ್ಲೈಡರ್‌ಗಳಿದ್ದವು. ಬಲಗಡೆಯದು ಕೀಚಲು ಸ್ವರಕ್ಕೆ, ಎಡಕ್ಕೆ ಬಂದಷ್ಟೂ ತಗ್ಗಿನ ಸ್ವರಕ್ಕೆ. ಎಡದಿಂದ ಏಳನೆಯದನ್ನು ಪೂರ್ತಿ ಕೆಳಗೆಳೆದು ಮೇಲೆ ಟೇಪ್ ಅಂಟಿಸಿದ. ಗುಂಯ್ ಮಾಯವಾಯಿತು. ಇಷ್ಟು ಶುದ್ಧ ಸೌಂಡು ಇನ್ನೆಲ್ಲೂ ಇಲ್ಲ ಎಂದು ಹಾಲಿಗೆ ಹೆಸರು ಬಂತು.

ಬಿಸಿಲು ಬಲಿಯಿತು. ಮಧ್ಯಾಹ್ನಗಳು ಅವರಿಬ್ಬರವಾದವು. ಅವಳು ನೆಲದ ಮೇಲೆ ಹಾಳೆ ಹರಡಿಕೊಂಡು ಅಕ್ಷರ ಬರೆಯುವಳು. ಅವನು ಪಕ್ಕದಲ್ಲಿ ಕೂತು ಕೇಬಲ್ ಸುತ್ತುವನು. ಅವಳ ಬಳಿ ಉರುಟು ಗುಂಡಿಯ ಹಳೆಯ ರೇಡಿಯೋ ಇತ್ತು.

"ವಸ್ತು ಅಂದ್ರೆ ಹೀಗಿರಬೇಕು. ತಿರುಗಿಸಿದರೆ ಕೈಗೆ ಉತ್ತರ ಕೊಡಬೇಕು. ಫೋನಿನ ಗಾಜು ಉಜ್ಜಿದರೆ ಏನು ಉತ್ತರ ಬರುತ್ತೆ?"

"ಗಾಜು ಒರೆಸಿದ ಪುಣ್ಯ ಬರುತ್ತೆ."

"ಎದುರಿಗೇ ಮನುಷ್ಯರು ಹಾಡ್ತಿರ್ತಾರೆ, ಜನ ಅಂಗೈಯಗಲದ ಗಾಜಲ್ಲಿ ನೋಡ್ತಾರೆ. ಯಾಕೆ ಸೌಂಡು?"

"ಮನೆಗೆ ಹೋಗಿ ನೋಡೋಣ ಅಂತ."

"ನೋಡ್ತಾರಾ?"

"ಇಲ್ಲ. ಎಲ್ಲರೂ ನಿಮ್ಮ ಹಾಗಲ್ಲ, ಎದುರಿಗಿರೋದನ್ನ ಎದುರಿಗೇ ನೋಡೋಕೆ."

ಅವಳ ಕುಂಚ ಒಂದು ಅಕ್ಷರದ ಬಾಲದ ಹತ್ತಿರ ನಿಂತೇ ನಿಂತಿತು. ಬಣ್ಣ ತೊಟ್ಟಿಕ್ಕಿತು. "ನೋಡು, ಕೆಡಿಸಿದೆ" ಎಂದಳು. ಮೊದಲ ಸಲ ಏಕವಚನ ಬಾಯಿಗೆ ಬಂದಿತ್ತು. ಇಬ್ಬರೂ ಅದನ್ನು ಕೇಳಿಸಿಕೊಂಡರು, ಇಬ್ಬರೂ ತೊಟ್ಟಿಕ್ಕಿದ ಬಣ್ಣವನ್ನೇ ನೋಡಿದರು.

ಆ ಹೊತ್ತಿಗೆ ಮೇಲಿಂದ ಅವಳ ಹಾಳೆಯ ಮೇಲೆ ಒಂದು ಚಿಟಿಕೆ ಸುಣ್ಣದ ಪುಡಿ ಉದುರಿತು. ಅವಳು ಊದಿ ಹಾರಿಸಿದಳು.

ಬಿಸಿಲು ಇಳಿಯುವ ಹೊತ್ತಿಗೆ ಅವನ ಟೇಪು ಜಾಗ ಬದಲಿಸಿತ್ತು. ಏಳನೆಯ ಸ್ಲೈಡರ್ ಅದುಮಿದರೆ ಗುಂಯ್ ಆರನೆಯದಕ್ಕೆ ಬಂತು. ಅಲ್ಲಿ ಅದುಮಿದರೆ ತಿಂಗಳ ನಂತರ ಐದನೆಯದಕ್ಕೆ. ಪ್ರತಿ ಸಲವೂ ಅವನು ಬೈದುಕೊಂಡು ಟೇಪು ಕಿತ್ತು ಎಡಕ್ಕೆ ಅಂಟಿಸಿದ. ದೊಡ್ಡ ಬ್ಯಾಂಡ್ ಬರುವ ವಾರ, ಬುಧವಾರ ನಾಲ್ಕು ಗಂಟೆಗೆ, ಟೇಪು ಮೂರನೆಯದರ ಮೇಲಿತ್ತು. ಆಗ ಅವನಿಗೆ ಬೆನ್ನ ಮೇಲೆ ತಣ್ಣೀರು ಎರಚಿದಂತಾಯಿತು.

"ಇಲ್ಲಿ ಬಾ" ಎಂದು ಅವಳನ್ನು ಕರೆದು ಇಯರ್‌ಫೋನಿನ ಒಂದು ತುದಿಯನ್ನು ಅವಳ ಕಿವಿಗೆ ಕೊಟ್ಟ, ಇನ್ನೊಂದನ್ನು ತಾನಿಟ್ಟುಕೊಂಡ. ತಲೆಗೆ ತಲೆ ತಾಗಿತು.

"ಏನಿದು, ಲವ್ ಸಾಂಗಾ?"

"ಕೇಳು."

ಅವಳ ಕಿವಿಯಲ್ಲಿ ಅವಳದೇ ಗಂಟಲು ಮೊಳಗಿತು: ಯಾರ್ರೀ ಇದನ್ನ ಹರಿದಿದ್ದು?

"ಅಯ್ಯೋ, ಇದನ್ನ ಇಟ್ಟುಕೊಂಡಿದ್ದೀಯಾ!"

"ಎಲ್ಲಾ ಅಳಿಸ್ತೀನಿ. ಇದೊಂದನ್ನ ಅಳಿಸೋಕಾಗಲಿಲ್ಲ." ಅವನ ದನಿ ಸಣ್ಣದಾಯಿತು. "ಎಷ್ಟು ಸಲ ಕೇಳಿದ್ದೀನಿ ಅಂತ ಹೇಳಿದರೆ ನೀನು ನಗ್ತೀಯ. ಅದಕ್ಕೇ ಇವತ್ತು ಗೊತ್ತಾಯ್ತು. ನಿನ್ನ ದನಿ ಹಿಂದೆ ಕೇಳು. ನನ್ನ ಚಪ್ಪಾಳೆಗೆ ಗೋಡೆ ಉತ್ತರ ಕೊಡ್ತಿದೆ. ಈಗ ಹೋದ ವಾರದ್ದು ಕೇಳು."

ಮೊದಲಿನದು ತುಂಬಿದ ಕೊಡ ತಟ್ಟಿದ ಹಾಗಿತ್ತು. ಎರಡನೆಯದು ನರಳಿಕೆ, ಅಷ್ಟು ತಗ್ಗಿನದು.

"ತಂತಿ ಸಡಿಲ ಆದ ಹಾಗೆ" ಎಂದಳು ಅವಳು ನಿಧಾನವಾಗಿ.

"ತಂತಿ ಅಲ್ಲ, ಮೆಷಿನ್ನೂ ಅಲ್ಲ. ಇಷ್ಟು ದಿನ ಕೇಬಲ್ಲು ಅಂದುಕೊಂಡಿದ್ದೆ."

ಇಬ್ಬರೂ ಒಟ್ಟಿಗೇ ತಲೆಯೆತ್ತಿದರು. ಬಾಲ್ಕನಿಯನ್ನು ಹೊತ್ತ ದೊಡ್ಡ ತೊಲೆ ಗೋಡೆಯೊಳಗೆ ಹೊಕ್ಕಿದ್ದು ಪೋಸ್ಟರ್ ಹರಿಯುವ ಗೆರೆಯ ತುದಿಯಲ್ಲೇ. ಐದು ತಿಂಗಳಿಂದ ಅದು ಹೇಳುತ್ತಲೇ ಇತ್ತು. ಅವನು ಅದರ ಬಾಯಿ ಮುಚ್ಚಿಸಿದ್ದ, ಅವಳು ಅದಕ್ಕೆ ಸಿಂಗಾರ ಮಾಡಿದ್ದಳು.

"ಹೇಳಿದರೆ ಹಾಲ್ ಮುಚ್ಚುತ್ತೆ" ಎಂದ ಅವನು. "ಹಾಲ್ ಮುಚ್ಚಿದರೆ ಈ ಊರಲ್ಲಿ ನನಗೆ ಕೆಲಸ ಇಲ್ಲ."

ಅವಳು ಇಯರ್‌ಫೋನ್ ಕಿವಿಯಿಂದ ತೆಗೆಯಲಿಲ್ಲ. "ಗೊತ್ತು" ಎಂದಳು. "ಬಾ, ಮಾವನ ಹತ್ತಿರ ಹೋಗೋಣ."

ಮಾವ ಎಲ್ಲವನ್ನೂ ಕೇಳಿಸಿಕೊಂಡರು. ತಾಯಿ ತೀರಿದ ಮೇಲೆ ಅವಳನ್ನು ಸಾಕಿದವರು ಅವರು. ಮದುವೆ ಮಾಡಿಕೊಳ್ಳದೆ ಹಾಲನ್ನೇ ಸಂಸಾರ ಮಾಡಿಕೊಂಡವರು. ಬಾಲ್ಕನಿಯ ಮೊದಲ ಸಾಲಿನ ನಡುಸೀಟು ಅವರದು.

"ನಲವತ್ತು ವರ್ಷದಿಂದ ನಿಂತಿದೆ. ಹತ್ತು ವರ್ಷದ ಹಿಂದೆ ಮೇಸ್ತ್ರಿ ಬಂದು ಗಾರೆ ಮೆತ್ತಿ ಹೋಗಿದ್ದಾನೆ" ಎಂದರು. ಆಮೇಲೆ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿ ನಕ್ಕರು. "ನಿಮ್ಮಿಬ್ಬರ ಕಿವೀಲಿ ಗುಂಯ್ ಅನ್ನೋದು ಪ್ರೀತಿ ಕಣಮ್ಮ. ಅದಕ್ಕೆ ನನ್ನ ತೊಲೆ ಮೇಲೆ ಯಾಕೆ ಅಪವಾದ?"

"ಮಾವ, ತಮಾಷೆ ಅಲ್ಲ."

"ಶನಿವಾರದ ಟಿಕೆಟ್ ಒಂದೂ ಉಳಿದಿಲ್ಲ. ಅದೂ ತಮಾಷೆ ಅಲ್ಲ."

ಹಾಲಿನ ಬೀಗದ ಕೈಯನ್ನು ಮಾವ ಅಂದಿನಿಂದ ತಮ್ಮ ಹತ್ತಿರವೇ ಇಟ್ಟುಕೊಂಡರು. ಶನಿವಾರ ಸಂಜೆ ಐದಕ್ಕೆ ಬಾಗಿಲು ತೆರೆಯಿತು. ಬ್ಯಾಂಡಿನ ಚಿತ್ರವಿರುವ ಕರಿ ಟೀಶರ್ಟು ತೊಟ್ಟ ಹುಡುಗ ಹುಡುಗಿಯರು ಬಾಲ್ಕನಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಮಾವ ಇಸ್ತ್ರಿ ಹಾಕಿದ ಅಂಗಿ ತೊಟ್ಟು ತಮ್ಮ ಸೀಟಿನಲ್ಲಿ ಕೂತರು. ಅವನು ಹಾಲಿನ ನಡುವೆ ತನ್ನ ಮೇಜಿನ ಹಿಂದೆ. ಅವಳು ಗೋಡೆಯ ಹತ್ತಿರ, ಸೆರಗಿನ ಮರೆಯಲ್ಲಿ ಬಣ್ಣ ಕೆರೆಯುವ ಅಗಲ ಕತ್ತಿ.

ಮೊದಲ ಹಾಡಿಗೆ ಬಾಲ್ಕನಿ ಕುಣಿಯತೊಡಗಿತು. ಅವಳು ಹರಿದ ಗೆರೆಯೊಳಗೆ ಕತ್ತಿ ತೂರಿಸಿ ಮೇಲಿನಿಂದ ಕೆಳಕ್ಕೆ ಎಳೆದಳು. ಒಂಬತ್ತು ವರ್ಷದ ಪೋಸ್ಟರು ಒಟ್ಟಿಗೇ ಕಳಚಿ ಅವಳ ಕಾಲ ಬಳಿ ಮಡಚಿ ಬಿತ್ತು. ಜೊತೆಗೇ ಮೇಸ್ತ್ರಿಯ ಗಾರೆ. ಒಳಗೆ ಬಿರುಕು ಬಾಯಿ ತೆರೆದಿತ್ತು. ಅವಳು ಕೈ ಇಟ್ಟಳು. ಮಣಿಕಟ್ಟಿನವರೆಗೆ ಹೋಯಿತು. ಡ್ರಮ್ಮಿನ ಪ್ರತಿ ಏಟಿಗೂ ಗೋಡೆ ಅವಳ ಬೆರಳನ್ನು ಹಿಡಿದು ಬಿಡುತ್ತಿತ್ತು.

ಅವಳು ತಿರುಗಿ ಅವನನ್ನು ನೋಡಿದಳು. ಅಷ್ಟು ಜನರ ತಲೆಗಳ ಮೇಲಿಂದ ಅವನೂ ನೋಡಿದ. ಐದು ತಿಂಗಳಲ್ಲಿ ಎಷ್ಟೋ ನೋಟಗಳು ಹಾಗೆ ಹಾದುಹೋಗಿದ್ದವು, ಕೆಣಕುವವು, ಕೇಳುವವು, ಬೇಕೆಂದೇ ತಡಮಾಡುವವು. ಈ ಒಂದರಲ್ಲಿ ಅದೆಲ್ಲವೂ ಇತ್ತು, ಹೋಗಿ ಬರುತ್ತೇನೆ ಎಂಬುದೂ ಇತ್ತು.

ಅವನು ಟೇಪು ಕಿತ್ತ. ಮೂರನೆಯ ಸ್ಲೈಡರನ್ನು ತುದಿಯವರೆಗೆ ಮೇಲೆತ್ತಿದ.

ಹಾಲಿನ ಹೊಟ್ಟೆಯಿಂದ ಬಂದಂತೆ ಆ ನರಳಿಕೆ ಎಲ್ಲ ಸ್ಪೀಕರುಗಳಿಂದ ಹೊರಬಿತ್ತು. ಇದೂ ಹಾಡಿನದೇ ಕರಾಮತ್ತು ಎಂದು ಜನ ಕೇಕೆ ಹಾಕಿದರು, ಫೋನ್‌ಗಳನ್ನು ಎತ್ತಿ ಹಿಡಿದರು. ನೂರಾರು ಸಣ್ಣ ಬೆಳಕುಗಳಲ್ಲಿ ಸುಣ್ಣದ ಪುಡಿ ಬೂದಿಯಂತೆ ಇಳಿಯುವುದು ಕಂಡಿತು.

ಆಗ ಅವನು ಎಲ್ಲವನ್ನೂ ಆರಿಸಿದ. ಗಿಟಾರ್ ನಿಂತಿತು, ದನಿ ನಿಂತಿತು. ಬೈಯಲು ಬಾಯಿ ತೆರೆದವರು ತಲೆಯೆತ್ತಿ ನೋಡಿದರು. ಮೆಷಿನ್ನೆಲ್ಲ ಸತ್ತ ಮೇಲೂ ಆ ಸದ್ದು ಇತ್ತು.

ಬಾಲ್ಕನಿಯಿಂದ ಮಾವ ಎದ್ದು ನಿಂತರು. "ಕುಣೀಬೇಡಿ" ಎಂದರು, ಕೂಗದೆ. "ಓಡಬೇಡಿ. ಒಬ್ಬೊಬ್ಬರಾಗಿ ಇಳೀರಿ, ಮಕ್ಕಳೇ. ಮೆಲ್ಲಗೆ."

ಬಾಲ್ಕನಿಯ ಕೆಳಗಿದ್ದವರು ಹೊರಗೆ ಸರಿದರು. ಮೇಲಿನ ನೂರೈವತ್ತು ಜನ ಇಳಿಯಲು ಹನ್ನೊಂದು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅವಳು ಬಿರುಕಿನಿಂದ ಕೈ ತೆಗೆಯಲಿಲ್ಲ, ತೆಗೆದರೆ ಅದೇ ಕ್ಷಣ ಬೀಳುತ್ತದೆಯೋ ಎಂಬಂತೆ. ಅವನು ಬಂದು ಪಕ್ಕದಲ್ಲಿ ನಿಂತ. "ಹೊರಗೆ ಹೋಗು" ಎಂದಳು. "ನೀನು ಬಂದರೆ" ಎಂದ. ಮಾವ ಕೊನೆಯವರಾಗಿ ಇಳಿದರು.

ಬಾಲ್ಕನಿ ಬಿದ್ದದ್ದು ಮರುದಿನ ಮಧ್ಯಾಹ್ನ ಹನ್ನೆರಡೂಕಾಲಿಗೆ, ಬೀಗ ಹಾಕಿದ ಹಾಲಿನೊಳಗೆ. ಮೂರು ಬೀದಿ ಆಚೆಯವರಿಗೂ ಕೇಳಿಸಿತು. ಮಾವ ಅಂದು ಊಟಕ್ಕೆ ಕೂತಿದ್ದವರು ತಟ್ಟೆಯಿಂದ ಕೈ ತೆಗೆದರು. ಆಮೇಲೆ ಮೂರು ದಿನ ಬೀಗ ಹಾಕಿದ ಹಾಲಿನ ಮೆಟ್ಟಿಲ ಮೇಲೆಯೇ ಕೂತಿದ್ದರು.

ಬೇರೊಂದು ಊರಿನ ಹಾಲಿನವರು ಅವನನ್ನು ಕರೆದರು. ಮಾವನನ್ನು ಆ ಸ್ಥಿತಿಯಲ್ಲಿ ಬಿಟ್ಟು ಅವಳು ಬರಲಾರಳೆಂದು ಅವನು ಜೊತೆಗೆ ಬಾ ಎನ್ನಲಿಲ್ಲ. ಅನ್ನದಿರಲಿ ಎಂದು ಅವಳೂ ಮನಸ್ಸಿನಲ್ಲೇ ಬೇಡಿಕೊಂಡಿದ್ದಳು. ಗುರುವಾರ ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಅವನು ರೆಕಾರ್ಡರನ್ನು ಅವಳ ಕೈಗಿಟ್ಟ.

"ಇದರಲ್ಲಿ ನೀನು ಬೈದದ್ದಿದೆ. ನನಗೆ ಬಾಯಿಪಾಠ ಆಗಿದೆ."

"ಅಲ್ಲೂ ಮೊದಲು ಚಪ್ಪಾಳೆ ತಟ್ಟಿ ನೋಡು."

"ಹೂಂ."

"ನನಗೂ ಕೇಳಿಸು."

ಶನಿವಾರ ಮಧ್ಯಾಹ್ನ ಮೂರೂವರೆಗೆ ಫೋನ್ ಬಂತು. "ಹೊಸ ಹಾಲ್. ಇಲ್ಲೂ ಬಾಲ್ಕನಿ ಇದೆ. ಕೇಳಿಸ್ಕೋ" ಎಂದು ಅವನು ಮೂರು ಸಲ ತಟ್ಟಿದ. ಅವಳು ಕಣ್ಣು ಮುಚ್ಚಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಚಪ್ಪಾಳೆ, ಅದರ ಹಿಂದೆ ಖಾಲಿ ಕುರ್ಚಿಗಳ ಮೌನ, ಮೌನದ ತಳದಲ್ಲಿ ಎಳೆಯಷ್ಟು ಸಣ್ಣದಾಗಿ ಏನೋ.

"ಏನೂ ಇಲ್ಲ, ಅಲ್ವಾ?" ಎಂದ ಅವನು.

"ಅಲ್ಲೇ ಇರು. ಏನನ್ನೂ ಅದುಮಬೇಡ, ಟೇಪು ಅಂಟಿಸಬೇಡ. ಬರ್ತೀನಿ."

ಅವಳು ಚೀಲಕ್ಕೆ ಬಟ್ಟೆ ತುಂಬುವುದನ್ನು ಮಾವ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಕೇಳಿದರು: "ನಿಜವಾಗ್ಲೂ ಕೇಳಿಸ್ತೇನಮ್ಮ? ಇಲ್ಲ, ಇದು ಆ ಇನ್ನೊಂದು ಗುಂಯ್ಯಾ?"

"ಗೊತ್ತಿಲ್ಲ ಮಾವ. ಗೋಡೆ ಮುಟ್ಟಿ ನೋಡಬೇಕು."

ಮಾವ ಒಳಗೆ ಹೋಗಿ ಬಣ್ಣ ಕೆರೆಯುವ ಅಗಲ ಕತ್ತಿಯನ್ನು ಹುಡುಕಿ ತಂದು, ಹಳೆಯ ಬಟ್ಟೆಯಲ್ಲಿ ಸುತ್ತಿ, ತಾವೇ ಅವಳ ಚೀಲದಲ್ಲಿಟ್ಟರು. "ಹೋಗು" ಎಂದರು. "ನನ್ನ ಹಾಗೆ ಯಾರಾದರೂ ನಕ್ಕರೆ, ಕಾಯಬೇಡ."

ಅವನು ಹೋದದ್ದು ಗುರುವಾರ. ಅವಳು ಹೊರಟದ್ದು ಭಾನುವಾರ, ಬೆಳಗಿನ ಮೊದಲ ಬಸ್ಸಿಗೆ.