ಬೆಳ್ಳಗೇ ಉಳಿದ ಹಿಮ

ಪ್ರೋಕೋಪ್ ಅಜ್ಜ ಲಾರಿಯೊಳಗೆ ಕೂತಲ್ಲೇ ಮರಗಟ್ಟಿ ಹೆಣವಾಗಿದ್ದ. ಇಂಜಿನ್ ಸತ್ತಿತ್ತು. ಬಿಗಿದ ಮುಷ್ಟಿಯಲ್ಲಿ ಕೆಂಪು ಮಫ್ಲರು.

ಮಧ್ಯಾಹ್ನ ಕಂಡು ಸುದ್ದಿ ತಂದವನು ಐಸೆನ್. ಈಗ ಅಕ್ಕ ತುಯಾರಾಳ ಊಟದಂಗಡಿಯಲ್ಲಿ ಅವನೇ ಕೊಲೆಗಾರನಂತೆ ನಿಂತಿದ್ದ. ತುಯಾರಾ ಸೌಟು ಕೆಳಗಿಟ್ಟು ಅವನ ಪಕ್ಕಕ್ಕೆ ಬಂದಳು— ಇರುವವನು ಒಬ್ಬನೇ ತಮ್ಮ.

ಹಿಮನಾಡಿನ ಈ ಕೊಲಿಮಾ ರಸ್ತೆಗೆ ಒಂದೇ ಕಟ್ಟಳೆ: ನಿಂತ ಗಾಡಿ ಕಂಡರೆ ನಿಲ್ಲಿಸಬೇಕು. ಮೈನಸ್ ಐವತ್ತು ಡಿಗ್ರಿ ಚಳಿಯಲ್ಲಿ ಬಿಟ್ಟು ಹೋಗುವುದೂ ಕೊಲ್ಲುವುದೂ ಒಂದೇ.

"ನಾನು ಬೆಳಿಗ್ಗೆ ನಿಲ್ಸಿದ್ದೆ," ಎಂದ ಡ್ರೈವರ್ ಗವ್ರೀಲ್. "ಒಂದು ಗಂಟೆ ಕೂತು ಚಹಾ ಕುಡಿದ್ವಿ. ಇಂಜಿನ್ ಓಡ್ತಾನೇ ಇತ್ತು, ಅಜ್ಜ ಗುಂಡುಕಲ್ಲಿನ ಹಾಗಿದ್ದ. ಆಮೇಲೆ ಹೋದೋನು ಇವನೊಬ್ನೇ. ಮೊನ್ನೆ ಇವನೂ ಅಜ್ಜನೂ ಕಾಲರ್ ಹಿಡ್ಕೊಂಡು ಜಗಳ ಆಡಿದ್ರಲ್ಲ?"

"ಥೂ, ನಿನ್ನ ನಾಲಿಗೆಗೆ ಮಂಜುಗಡ್ಡೆ ಕಟ್ಲಿ!" ಐಸೆನ್ ಮುನ್ನುಗ್ಗಿದ.

"ಕೂತ್ಕೊಳ್ಳೋ." ಪೊಲೀಸ್ ಅಧಿಕಾರಿ ವರ್ವಾರಾ ಕಿಟಕಿಯ ಮಂಜು ಒರೆಸಿದಳು. ಅಂಗಳದಲ್ಲಿ ಲಾರಿಗಳು ಆರಿಸದ ಇಂಜಿನ್‌ಗಳೊಂದಿಗೆ ಗುರುಗುಡುತ್ತಿದ್ದವು. "ತುಯಾರಾ, ಅವುಗಳ ಹಿಂದೆ ಏನಿದೆ ಹೇಳಮ್ಮ?"

"ಮಸಿ ಅಕ್ಕಾ. ಹೊಗೆ ಬಿದ್ದು ಹಿಮ ಕಪ್ಪಾಗಿದೆ. ದಿನಾ ಬಾಚೋದು ನಾನೇ."

"ಮೂರು ದಿನದಿಂದ ಗಾಳಿಯಿಲ್ಲ, ಹೊಸ ಹಿಮವಿಲ್ಲ. ಆದರೂ ಅಜ್ಜನ ಲಾರಿ ಹಿಂದೆ ಹಿಮ ಹಾಲಿನ ಹಾಗಿತ್ತು. ಗಾಡಿ ಅಲ್ಲಿಗೆ ಬರ್ತಾನೇ ಸತ್ತಿತ್ತು. ಹಾಗಾದ್ರೆ ಗವ್ರೀಲ್, ನೀನು ಒಂದು ಗಂಟೆ ಕೇಳಿದ್ದು ಯಾವ ಇಂಜಿನ್ನು? ಮಫ್ಲರ್ ಯಾರು ಮುಷ್ಟೀಲಿ ಹಿಡೀತಾರೆ? ರಸ್ತೆಗಿಳಿದು ಬೀಸಿ ಕರೆಯೋರು. ಬೆಳಿಗ್ಗೆ ಅಲ್ಲಿ ಹಾದೋನು ನೀನೇ, ಅವನು ಕರೆದದ್ದೂ ನಿನ್ನನ್ನೇ. ನೀನು ನಿಲ್ಲಿಸ್ಲಿಲ್ಲ!"

ಗವ್ರೀಲನ ಮುಖ ಬೂದಿಯಾಯಿತು.

"ಮೈಯೆಲ್ಲಾ ಬೆಳ್ಳಗಿತ್ತು... ಗಡ್ಡ, ಹುಬ್ಬು ಎಲ್ಲಾ. ನಡುರಸ್ತೇಲಿ ಕೈ ಬೀಸ್ತಿತ್ತು. ಈ ರಸ್ತೆ ಹಾಕ್ತಾ ಸತ್ತ ಕೈದಿಗಳಲ್ಲಿ ಒಬ್ಬ ಎದ್ದು ಬಂದ ಅಂದ್ಕೊಂಡೆ. ಭಯ ಆಯ್ತು ಅಕ್ಕಾ... ಒಂದೇ ಸಮ ಓಡ್ಸಿಬಿಟ್ಟೆ."

ಈ ರಸ್ತೆಯ ಮಣ್ಣಿನಡಿ ಹೂತವರು ಮೈತುಂಬ ಹಿಮ ಹೊದ್ದು ಕೈ ಬೀಸುತ್ತಾ ಬರುತ್ತಾರೆ— ಅಜ್ಜಿಯ ಆ ಕಥೆಯನ್ನು ನಿನ್ನೆ ಇದೇ ಬೆಂಚಿನಲ್ಲಿ, ಸೂಪು ಬಡಿಸುತ್ತಾ ಗವ್ರೀಲನಿಗೆ ಹೇಳಿದವಳು ತುಯಾರಾಳೇ.

"ಅರ್ಧಕ್ಕೇ ಎದ್ದು ಹೋದ್ಯಲ್ಲೋ, ಪಾಪಿ," ಎಂದಳು. "ಅಜ್ಜಿ ಕಥೆ ಅಲ್ಲಿಗೆ ಮುಗಿಯಲ್ಲ. ಅವ್ರು ಕೈ ಬೀಸಿದ್ರೂ ನಿಲ್ಲಿಸ್ಬೇಕು, ಬಿಸಿ ಚಹಾ ಕೊಡ್ಬೇಕು ಅಂತಿದ್ಲು. ಅವ್ರೂ ಚಳೀಲಿ ಸತ್ತೋರು."