ನಾನು ಇವನ ತಂಗಿಯಲ್ಲ

"ಅಣ್ಣ-ತಂಗಿಯಾ?"

ಲೊಂಬೋಕ್ ದ್ವೀಪದ ಕಡಲತೀರದಲ್ಲಿ ಪ್ರವಾಸಿಗರಿಗೆ ರೂಮು ಕೊಡುವ ಇನಾಕ್ ರೊಹನಿ ಎರಡು ಗುರುತಿನ ಚೀಟಿಗಳನ್ನು ಪಕ್ಕಪಕ್ಕ ಹಿಡಿದು ಕೇಳಿದಳು. ಒಂದರಲ್ಲಿ ಬಿನ್ಸಾರ್ ಮನುರುಂಗ್, ಇನ್ನೊಂದರಲ್ಲಿ ಲಸ್ಮಾ ಮನುರುಂಗ್. ಲಸ್ಮಾ ಬಾಯಿ ತೆರೆಯುವಷ್ಟರಲ್ಲಿ ಬಿನ್ಸಾರ್ ಬೆನ್ನಿನ ಚೀಲ ಸರಿಮಾಡಿಕೊಳ್ಳುತ್ತ ಒಂದು ನಗೆ ನಕ್ಕ. ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಹಾವೂ ಸಾಯದ, ಕೋಲೂ ಮುರಿಯದ ನಗೆ ಅದು.

"ಸದ್ಯ! ಜೋಡಿಗಳು ಬಂದ್ರೆ ಮದುವೆ ನೋಂದಣಿ ಪುಸ್ತಕ ನೋಡದೆ ನಾನು ಒಳಗೆ ಬಿಡಲ್ಲಪ್ಪ. ನಿಮಗೆ ಒಂದೇ ರೂಮ್ ಸಾಕು, ಎರಡು ಮಂಚ ಇದೆ."

ರೂಮಿನ ಬಾಗಿಲು ಮುಚ್ಚಿದ್ದೇ ತಡ, ಲಸ್ಮಾ ತನ್ನ ಚೀಲವನ್ನು ಧೊಪ್ಪನೆ ನೆಲಕ್ಕೆ ಹಾಕಿದಳು.

"ಹಿಂದಿನ ದ್ವೀಪದಲ್ಲೂ ಅಣ್ಣ, ಈ ದ್ವೀಪದಲ್ಲೂ ಅಣ್ಣ! ಇನ್ನೊಂದು ಸಲ ಹಾಗೆ ನಕ್ಕರೆ ಹಲ್ಲು ಉದುರಿಸ್ತೀನಿ."

"ರೂಮ್ ಸಿಕ್ತಲ್ಲ ಮಾರಾಯ್ತಿ."

"ನಂಗೆ ರೂಮ್ ಬೇಡ. ನೀನು ಬೇಕು."

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಅವನ ಕಿವಿಯ ತುದಿಗಳು ಕೆಂಪಾದವು. ಅದನ್ನು ನೋಡಿದರೆ ಅವಳ ಕೋಪ ಉಳಿಯುತ್ತಿರಲಿಲ್ಲ, ಹಾಗಾಗಿ ಕಿಟಕಿಯ ಕಡೆ ತಿರುಗಿಕೊಂಡಳು.

ಮೇದಾನ್ ನಗರದ ಆಸ್ಪತ್ರೆಯೊಂದರಲ್ಲಿ ಲಸ್ಮಾ ಎಕ್ಸ್‌ರೇ ತೆಗೆಯುವವಳು. ಬಿನ್ಸಾರ್ ಹೈಸ್ಕೂಲಿನ ಭೂಗೋಳದ ಮೇಷ್ಟ್ರು. ಕೈಮೂಳೆ ಮುರಿದುಕೊಂಡು ಬಂದಿದ್ದ ಅವನ ಕಣ್ಣು ನೋಡಿ ಅವಳು ಸೋತದ್ದು ಮೊದಲು, ಹೆಸರು ಓದಿದ್ದು ಆಮೇಲೆ. 'ಅಯ್ಯೋ, ಇಷ್ಟು ಚೆಂದದವನು ಮನುರುಂಗೇ ಆಗಬೇಕಿತ್ತಾ!' ಎಂದು ಒಳಗೇ ಶಪಿಸಿದ್ದಳು. ಅವರಿಬ್ಬರೂ ಹುಟ್ಟಿದ ಬಾತಕ್ ಜನರಲ್ಲಿ ಒಂದೇ ಕುಲದ ಹುಡುಗ ಹುಡುಗಿ ಹದಿನಾರು ತಲೆಮಾರು ದೂರವಿದ್ದರೂ ಒಡಹುಟ್ಟಿದವರೇ. ಇಬ್ಬರಿಗೂ ಒಬ್ಬನೇ ಮೂಲಪುರುಷ ಎನ್ನುತ್ತಾರೆ. ಆ ಪುಣ್ಯಾತ್ಮ ಯಾವ ಕಾಲದಲ್ಲಿ ಸತ್ತನೋ, ಇವರಿಬ್ಬರ ನಡುವೆ ಮಾತ್ರ ಇನ್ನೂ ಕಾಲು ಚಾಚಿ ಮಲಗಿದ್ದ.

ಮಾರನೆಯ ದಿನ ಇನಾಕ್ ರೊಹನಿ ಕಾಫಿ ತಂದಿಟ್ಟು ಬಿನ್ಸಾರನ ಪಕ್ಕ ಕೂತಳು.

"ನೋಡಪ್ಪ, ನನ್ನ ತಂಗಿ ಮಗ ಒಬ್ಬ ಇದಾನೆ. ಸ್ವಂತ ದೋಣಿ ಇದೆ. ನಿನ್ನ ತಂಗೀನ ಕೊಡ್ತೀಯಾ?"

ಬಿನ್ಸಾರನಿಗೆ ಕಾಫಿ ನೆತ್ತಿಗೇರಿತು. ಲಸ್ಮಾ ಬಿಡಲಿಲ್ಲ.

"ದೋಣಿ ದೊಡ್ಡದಾ ಇನಾಕ್? ಅಣ್ಣ ಒಪ್ಪಿದ್ರೆ ನಂದೇನೂ ಅಭ್ಯಂತರ ಇಲ್ಲ. ಹೇಳೋ ಅಣ್ಣ."

ಅವನು ಕೆಮ್ಮುತ್ತಲೇ ಎದ್ದುಹೋದ.

ಫ್ಲೋರೆಸ್ ದ್ವೀಪಕ್ಕೆ ಹೋಗುವ ಹಡಗಿನ ಮೇಲ್ಗಡೆ, ಇಳಿಬಿಸಿಲಲ್ಲಿ, ಅವಳನ್ನು ಒಲಿಸಿಕೊಳ್ಳಲು ಅವನು ಕಂಬಿ ಹಿಡಿದು ಅಲೆಗಳಿಗೆ ಕೂಗಿ ಹೇಳಿದ: "ನಾನು ಲಸ್ಮಾನ ಪ್ರೀತಿಸ್ತೀನಿ!" ಗಾಳಿಗೆ ಅವನ ಕೂದಲು ಹಣೆಯ ಮೇಲೆ ಕುಣಿಯುತ್ತಿತ್ತು. ಸರಿಮಾಡಲು ಅವಳ ಬೆರಳುಗಳು ತುಡಿದವು. ಅವಳು ಕೈಕಟ್ಟಿ ನಿಂತಳು.

"ಸಮುದ್ರಕ್ಕೆ ಯಾರು ಬೇಕಾದ್ರೂ ಹೇಳ್ತಾರೆ. ಮನುಷ್ಯರಿಗೆ ಹೇಳು. ಅದೂ ನಮ್ಮ ಜನಕ್ಕೆ."

"ಒಂದು ದಾರಿ ಇದೆ ಲಸ್ಮಾ. ಬೇರೆ ಕುಲದವರು ಯಾರಾದ್ರೂ ನಿನ್ನನ್ನ ದತ್ತು ತಗೊಂಡ್ರೆ ನಿನ್ನ ಕುಲ ಬೇರೆ ಆಗುತ್ತೆ..."

"ನಮ್ಮಪ್ಪ ಏನು ಸತ್ತಿದಾನಾ? ನಾನು ಮನುರುಂಗ್ ಆಗೇ ಹುಟ್ಟಿದೀನಿ, ಮನುರುಂಗ್ ಆಗೇ ನಿನ್ನ ಮದುವೆ ಆಗ್ತೀನಿ. ಮೇದಾನ್ ಮುಟ್ಟೋದ್ರೊಳಗೆ ನಮ್ಮವರು ಒಬ್ಬರ ಮುಂದೆ, ಒಂದೇ ಒಂದು ಸಲ, ಬಾಯಿ ಬಿಟ್ಟು ಹೇಳು. ಆಗಲ್ಲ ಅಂದ್ರೆ ವಿಮಾನ ಇಳಿದ ಮೇಲೆ ನಾನು ನಿಜವಾಗ್ಲೂ ನಿನ್ನ ತಂಗಿ."

ಅವನು ಕಂಬಿಯ ತುಕ್ಕನ್ನು ಉಗುರಿನಿಂದ ಕೆರೆಯುತ್ತ ನಿಂತ. ಅವಳು ಅತ್ತದ್ದು ಗಾಳಿಯ ನೆಪದಲ್ಲಿ ಮುಚ್ಚಿಹೋಯಿತು.

ಪ್ರವಾಸದ ಕೊನೆಯ ಊರು ಲಾಬುವಾನ್ ಬಾಜೊ. ಬಂದರಿನ ಹಿಂದಿನ ಗಲ್ಲಿಯಲ್ಲಿ ನಡೆಯುವಾಗ, ನಾಲಿಗೆ ಜುಮ್ಮೆನ್ನಿಸುವ ಅಂದಾಲಿಮಾನ್ ಕಾಳಿನ ಘಮ ಮೂಗಿಗೆ ಬಡಿಯಿತು. ಬಾತಕರ ಊಟದಂಗಡಿ! ಇಬ್ಬರೂ ಹಸಿದವರಂತೆ ಒಳನುಗ್ಗಿದರು. ಯಜಮಾನಿ ತಿಯೊಮಿನಾರ್ ಸೌಟು ಹಿಡಿದೇ ಹೊರಬಂದು, ಬಾತಕ್ ಬಾತಕನನ್ನು ಕಂಡರೆ ಮೊದಲು ಕೇಳುವುದನ್ನೇ ಕೇಳಿದಳು.

"ಯಾವ ಕುಲ?"

"ಮನುರುಂಗ್," ಎಂದ ಬಿನ್ಸಾರ್. "ಇವಳೂನೂ."

"ಅಯ್ಯೋ ನನ್ನ ಅಣ್ಣನ ಮಕ್ಕಳೇ! ನಾನು ಮನುರುಂಗ್ ಮನೆ ಹೆಣ್ಣು ಕಣ್ರೋ, ನಿಮ್ಮ ಸೋದರತ್ತೆ!" ಇಬ್ಬರ ಕೆನ್ನೆಯನ್ನೂ ಹಿಂಡಿ, ಹಂದಿಮಾಂಸದ ಪಲ್ಯ, ಮಸಾಲೆ ಮೀನು, ಅನ್ನ ತಂದು ಸುರಿದಳು. "ಅತ್ತೆ ಮನೇಲಿ ದುಡ್ಡಿನ ಮಾತೆತ್ತಿದ್ರೆ ಸೌಟಲ್ಲೇ ಬಾರಿಸ್ತೀನಿ. ಏನೋ, ನಿನ್ನ ಸೋದರಮಾವಂಗೆ ಮಗಳಿಲ್ವಾ?"

"ಇದಾಳೆ."

"ಮತ್ತಿನ್ನೇನು ಕಾಯ್ತಿದೀಯ? ಮುಂದಿನ ಸಲ ಹೆಂಡ್ತಿ ಕರ್ಕೊಂಡೇ ಬಾ."

ಲಸ್ಮಾ ತುತ್ತನ್ನು ತಟ್ಟೆಗೆ ಹಾಕಿ ಬಿನ್ಸಾರನನ್ನು ನೋಡಿದಳು. ಅವನ ತುಟಿಯ ಅಂಚಿನಲ್ಲಿ ಆ ಹಾಳು ನಗೆ ಹುಟ್ಟುತ್ತಿತ್ತು. ಇನ್ನು ನೋಡಲಾರೆ ಎಂದು ಅವಳು ಚೀಲಕ್ಕೆ ಕೈಹಾಕಿ ಎದ್ದಳು. ಬಿನ್ಸಾರ್ ಅವಳ ಮಣಿಕಟ್ಟು ಹಿಡಿದು ಕೂರಿಸಿದ. ನಗೆ ಎಲ್ಲೋ ಹೋಗಿತ್ತು.

"ಕರ್ಕೊಂಡೇ ಬಂದಿದೀನಿ ಅತ್ತೆ. ಇವಳೇ."

ತಿಯೊಮಿನಾರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವಳ ಕೂಗಿಗೆ ಅಂಗಡಿಯೇ ನಡುಗಿತು.

"ಥೂ! ಸ್ವಂತ ತಂಗೀನ? ನನ್ನನ್ನ ಅತ್ತೆ ಅನ್ಬೇಡ! ತಿಂದದ್ದಕ್ಕೆ ದುಡ್ಡಿಟ್ಟು ಎದ್ದೇಳು. ನಿಮ್ಮಮ್ಮನ ನಂಬರ್ ಕೊಡು, ಈಗಲೇ ಫೋನ್ ಮಾಡ್ತೀನಿ!"

ಬಿನ್ಸಾರ್ ನೋಟುಗಳನ್ನು ಮೇಜಿನ ಮೇಲಿಟ್ಟ. "ನೀವ್ಯಾಕೆ? ನಾನೇ ಮಾಡ್ತೀನಿ."

ಅವನು ಮಾಡಿಯೇಬಿಟ್ಟ, ಸ್ಪೀಕರ್ ಹಾಕಿ, ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳುವಂತೆ.

"ಊಟ ಆಯ್ತಾ ಮಗನೇ?" ಎಂದಿತು ತಾಯಿಯ ದನಿ.

"ಮಾಡ್ತಿದೀನಮ್ಮ. ಮಾವನ ಮಗಳಿಗೆ ಬೇರೆ ಗಂಡು ನೋಡೋಕೆ ಹೇಳು. ನಾನು ಲಸ್ಮಾನ ಮದುವೆ ಆಗ್ತೀನಿ."

"ಯಾವ ಕುಲದವಳು?"

"ನಮ್ಮದೇ."

ತಾಯಿ ಅಳಲಿಲ್ಲ, ಬೈಯಲಿಲ್ಲ. "ನಿಮ್ಮಿಬ್ಬರ ಮೇಲೆ ಮದುವೆ ಶಾಲು ಹೊದಿಸಿ ಹರಸೋಕೆ ಕುಲದವರು ಒಬ್ಬರೂ ಬರಲ್ಲ, ತಿಳ್ಕೋ," ಎಂದು ಫೋನಿಟ್ಟಳು.

ಲಸ್ಮಾ ಬಿನ್ಸಾರನ ಕೈಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳಿಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಅವನ ತಾಯಿಯ ಬಗ್ಗೆ ಸಂಕಟವಾಯಿತು. ಆದರೂ ಅವಳ ಬೆನ್ನು ನೆಟ್ಟಗಾಗಿತ್ತು.

"ಇನ್ನೂ ಯಾಕೆ ಕೂತಿದೀರಾ?" ಎಂದಳು ತಿಯೊಮಿನಾರ್.

"ದುಡ್ಡು ಕೊಟ್ಟಿದೀವಲ್ಲ. ಈಗ ನಾವು ಗಿರಾಕಿಗಳು," ಎಂದಳು ಲಸ್ಮಾ. "ಹಸಿವಾಗ್ತಿದೆ. ಇನ್ನಷ್ಟು ಅನ್ನ, ಪಲ್ಯ ಕೊಡಿ."

ತಿಯೊಮಿನಾರ್ ಮೇಜಿನ ಮೇಲಿನ ನೋಟುಗಳನ್ನು ಎಣಿಸಿ ಎತ್ತಿಕೊಂಡಳು. ಆಮೇಲೆ ಮುಖ ಆ ಕಡೆ ತಿರುಗಿಸಿಯೇ ಕೇಳಿದಳು: "ಎಷ್ಟು ತಟ್ಟೆ?"

"ಒಂದೇ. ಇಬ್ಬರೂ ಅದರಲ್ಲೇ ತಿಂತೀವಿ."