ಹೂರಣ ಉಂಡ ಟೈಪ್ ಮಷೀನು

"ಮಷೀನಿಗೆ ಏನ ಉಣಿಸಿದಿ?" ಅಜ್ಜಿ ಕೆಂಚವ್ವ ಕೇಳಿದಳು.

"ಹೂರಣ," ಎಂದಳು ಮೊಮ್ಮಗಳು ಶಿವವ್ವ.

ಟೈಪ್ ಮಷೀನಿನ ಹೊಟ್ಟೆಯೊಳಗೆ ಇರುವೆಗಳು ಸಾಲುಗಟ್ಟಿ ಇಳಿಯುತ್ತಿದ್ದವು. ನಿನ್ನೆ ಖಂಡೇಪೂಜೆ, ಆಯುಧಗಳಿಗೆ ಪೂಜೆಯ ದಿನ. ಹುಕ್ಕೇರಿಯ ಆ ಮನೆಯಲ್ಲಿ ನೇಗಿಲು, ಕುಡಗೋಲುಗಳ ಪಕ್ಕ ಈ ಸಲ ಮಷೀನೂ ಪೂಜೆಗೆ ಕೂತಿತ್ತು. ನೇಗಿಲಿಗಾದರೆ ನೈವೇದ್ಯ ತೋರಿಸಿ ತೆಗೆದರೆ ಸಾಕು. ಮೂರು ತಲೆಮಾರು ಸಾಕುವ ಮಷೀನಿಗೆ ಬರೀ ತೋರಿಸಿದರೆ ಹೇಗೆ? ಶಿವವ್ವ ಕಾಯಿನೀರು ಸುರಿದು, ಗುಂಡಿಗಳ ಮೇಲೆ ಹೂರಣ ಬಳಿದಿದ್ದಳು. ಪೂಜೆಯ ದಿನ ಆಯುಧ ಮುಟ್ಟುವಂತಿಲ್ಲವಲ್ಲ, ಅದು ಹಾಗೇ ಒಣಗಿ ಹೋಯಿತು.

ಮೂರು ತಲೆಮಾರಿನ ಮಾತು ಅವಳ ಅಪ್ಪನ ತಮ್ಮ ದುಂಡಪ್ಪ ಕಾಕಾನದು. ಕೊಲ್ಲಾಪುರದಿಂದ ಮಷೀನು ತಂದಂದಿನಿಂದ ಕಟ್ಟೆಯ ಮೇಲೆ ಅವನದು ಒಂದೇ ಉಪದೇಶ. "ಇನ್ನ ಮುಂದ ಜಗತ್ತು ಬೆರಳಿನ ಮ್ಯಾಲ ನಡೀತೈತಿ. ಟೈಪಿಂಗ್ ಕಲೀರಿ. ಫ್ಯಾನಿನ ಕೆಳಗ ಕುಂತು ಪಗಾರ, ಆಮ್ಯಾಲ ಪೆನ್ಶನ್." ಹುಕ್ಕೇರಿಯಲ್ಲಿ ಆಗ ಫ್ಯಾನು ಕಂಡವರೇ ಕಡಿಮೆ. ಆದರೂ ಕೇಳುತ್ತ ಕೂತವರಿಗೆ ತಣ್ಣಗೆ ಗಾಳಿ ಬೀಸಿದಂತಾಗುತ್ತಿತ್ತು.

ಇವತ್ತು ಬನ್ನಿ ಹಬ್ಬ, ಕಾಕಾನ ಟೈಪಿಂಗ್ ಕ್ಲಾಸು ಶುರುವಾಗುವ ದಿನ. ತಲೆಗೆ ಎಣ್ಣೆ ಹಚ್ಚಿ, ಉಗುರು ತೆಗೆಸಿಕೊಂಡ ಹುಡುಗರು ಅಪ್ಪಂದಿರ ಜೊತೆ ಬಾಗಿಲಲ್ಲಿ ನಿಂತಿದ್ದರು.

ಶಿವವ್ವ ಒಂದು ಗುಂಡಿ ಒತ್ತಿದಳು. ಕೆಳಗೆ ಹೋದದ್ದು ಮೇಲೆ ಬರಲಿಲ್ಲ. ಕಾಕಾನ ಬಾಳುವೆಯನ್ನೇ ಹಾಳು ಮಾಡಿದೆನಲ್ಲ ಎಂದು ಅವಳಿಗೆ ಅಳು ಬಂತು.

ಅಷ್ಟರಲ್ಲಿ ಕಾಕಾ ಒಳಗೆ ಬಂದ. ಹೊಸ ಕೋಟು, ಹಣೆ ತುಂಬ ವಿಭೂತಿ, ಅದರ ಮೇಲೆ ಬೆವರು.

"ಕಾಕಾ, ಮಷೀನು ಕೆಡಿಸೀನಿ."

ಕಾಕಾ ಒಂದು ಗುಂಡಿ ಒತ್ತಿದ. ಇನ್ನೊಂದು ಒತ್ತಿದ. ಬಾಡಬೇಕಾದ ಮುಖ ಅರಳಿತು.

"ಪೂರಾ ಕೆಟ್ಟೈತೇನು?"

"ಪೂರಾ."

"ಶಾಣ್ಯಾಕಿ," ಎಂದು ಅವಳ ತಲೆ ಸವರಿ ಹೊರಗೆ ಹೋದ.

"ಮಷೀನು ಇನ್ನೂ ಪೂಜಿಯೊಳಗ ಐತ್ರಿ. ಸೋಮವಾರತನಕ ಮುಟ್ಟಂಗಿಲ್ಲ," ಎಂದ. ಇಷ್ಟು ಕಟ್ಟುನಿಟ್ಟು ಇದ್ದ ಮೇಲೆ ನೌಕರಿ ಖಾತ್ರಿ ಎಂದು ಅಪ್ಪಂದಿರು ತಲೆದೂಗಿ ಹೋದರು.

ಶಿವವ್ವನಿಗೆ ಸಮಾಧಾನವಾಗಲಿಲ್ಲ. ಬಿಸಿನೀರಲ್ಲಿ ಬಟ್ಟೆ ಅದ್ದಿ ಒಂದೊಂದೇ ಗುಂಡಿ ಒರೆಸುತ್ತ ಕೂತಳು. ಸಂಜೆ ಹೊತ್ತಿಗೆ ಎಲ್ಲವೂ ಟಕಟಕ ಎದ್ದವು.

"ಕಾಕಾ, ಸುದ್ದ ಆತು. ನಾಳೆನ ಕ್ಲಾಸ್ ಚಾಲೂ ಮಾಡು."

ಕಾಕಾನ ಮುಖ ಈಗ ಬಾಡಿತು. ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದ. "ಯಾರಿಗೂ ಹೇಳಬ್ಯಾಡ. ಕೊಲ್ಲಾಪುರದಾಗ ನಾ ಟೈಪಿಂಗ್ ಕ್ಲಾಸಿಗೆ ಹೋಗಿದ್ದು ಕಡಿಮಿ. ಕುಸ್ತಿ ನೋಡಾಕ ಹೋಗಿದ್ದ ಭಾಳ. ಎ, ಬಿ, ಸಿ ಬರ್ತಾವು. ಇದರಾಗ ಅವು ಎಲ್ಲೆಲ್ಲಿ ಅದಾವೋ, ಶಿವನ ಬಲ್ಲ."

ಶಿವವ್ವನಿಗೆ ನಗು ಬಂದಿತ್ತು. ಕಾಕಾನ ಕಣ್ಣು ನೋಡಿ ನುಂಗಿಕೊಂಡಳು. ಅವಳ ಶಾಲೆಯಲ್ಲಿ ಇಂಗ್ಲಿಷ್ ಇನ್ನೂ ಬಂದಿರಲಿಲ್ಲ. ಆದರೆ ಒರೆಸಿದ ಗುಂಡಿಗಳ ಮೇಲಿನ ಅಕ್ಷರದ ಆಕಾರ, ಅವುಗಳ ಜಾಗವೆಲ್ಲ ಗೊತ್ತಾಗಿತ್ತು.

"ಎ ಅಂದ್ರ ಹೆಂಗಿರತೈತಿ, ಕಾಕಾ?"

"ನಿಚ್ಚಣಿಕಿ ಬಿಚ್ಚಿ ನಿಲ್ಲಿಸಿದಂಗ. ನಡುವ ಒಂದ ಮೆಟ್ಟಲಾ."

"ಅದು ನಡುವಿನ ಸಾಲಿನಾಗ, ಎಡಗಡಿ ತುದಿಗೆ ಐತಿ. ಕುಂದ್ರು. ಸೋಮವಾರಕ್ಕ ಇನ್ನೂ ಟೈಮ್ ಐತಿ."

ಕಾಕಾ ಕೋಟು ಕಳಚಿಟ್ಟು ಕೂತ. ಶಿವವ್ವ ಅವನ ಕಿರುಬೆರಳು ಹಿಡಿದು ಆ ಗುಂಡಿಯ ಮೇಲಿಟ್ಟಳು. ಜಗತ್ತನ್ನೇ ನಡೆಸಬೇಕಾಗಿದ್ದ ಬೆರಳು, ಶಾಲೆಗೆ ಹೋದ ಮೊದಲ ದಿನ ಅವಳದು ಅಕ್ಷರ ತಿದ್ದಿದಂತೆಯೇ, ಮೆಲ್ಲಗೆ ಎ ಒತ್ತಿತು. ಅವಳು ಕೈ ಬಿಡಲಿಲ್ಲ.